ಸಹಾಯ ಬೇಕು: ಗೋಲ್ಡ್‌ಫಿಶ್ ತೊಟ್ಟಿಯ ಗಿಡದ ಮೇಲೆ ಕಂದು ಪದರ

ಎಲ್ಲರಿಗೂ ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ಹತ್ರ. ಮಗಳ ಹಠಕ್ಕೆ ಮೊದಲನೇ ಸಲ ಅಕ್ವೇರಿಯಂ ಇಟ್ಟಿದ್ದೀವಿ. 100 ಲೀಟರಿನ ತೊಟ್ಟಿ, ಎರಡು ಗೋಲ್ಡ್‌ಫಿಶ್. (ಅಂಗಡಿಯವರು ಬೌಲ್ ಸಾಕು ಅಂದ್ರು, ನಾನು ಒಪ್ಪಲಿಲ್ಲ.) ಫಿಲ್ಟರ್ ಓಡ್ತಿದೆ. ಬಾವಿ ನೀರು, ಹಾಗಾಗಿ ಕ್ಲೋರಿನ್ ಗೊಡವೆ ಇಲ್ಲ. ತಂಪು ನೀರಿನ ಮೀನು ಅಂತ ಹೀಟರ್ ಹಾಕಿಲ್ಲ.

ತಲೆನೋವು ಗಿಡದ್ದೇ. ವ್ಯಾಲಿಸ್ನೇರಿಯಾ ನೆಟ್ಟರೆ ಬೆಳಗಾಗೋದ್ರೊಳಗೆ ಬೇರು ಸಮೇತ ತೇಲ್ತಿರುತ್ತೆ. ಹೈಡ್ರಿಲ್ಲಾ ಹಾಕಿದೆ, ಬರೀ ಕಡ್ಡಿ ಉಳೀತು. ಕೊನೆಗೆ ಅನುಬಿಯಾಸ್ ತಂದು, ಅದರ ದಪ್ಪ ಕಾಂಡ ಜಲ್ಲಿಯೊಳಗೆ ಹೂತರೆ ಕೊಳೆಯುತ್ತೆ ಅಂತ ಕಲ್ಲಿಗೆ ದಾರದಲ್ಲಿ ಕಟ್ಟಿದೆ. ಎಲೆ ಗಟ್ಟಿ, ಮೀನು ಒಂದ್ಸಲ ಬಾಯಿ ಹಾಕಿ ಬಿಟ್ಟುಬಿಡ್ತವೆ. ಆದರೆ ಈಗ ಎಲೆ ತುಂಬ ಕಂದು ಪುಡಿಯಂಥ ಪದರ. ಬೆರಳಲ್ಲಿ ಉಜ್ಜಿದ್ರೆ ಹೋಗುತ್ತೆ, ಮತ್ತೆ ಬರುತ್ತೆ.

ಮಳೆಗಾಲ, ಹಗಲಲ್ಲೂ ಮನೆಯೊಳಗೆ ಕತ್ತಲೆ. ಅದಕ್ಕೇ ಲೈಟ್ ದಿನಕ್ಕೆ 10 ಗಂಟೆ ಉರೀತಿದೆ. ಜಾಸ್ತಿಯಾಯ್ತು, 6 ಗಂಟೆ ಸಾಕು ಅಂತ ಒಬ್ಬರು. ಹೊಸ ತೊಟ್ಟಿಯಲ್ಲಿ ಇದು ಮಾಮೂಲಿ, ಮುಟ್ಟಬೇಡಿ ಅಂತ ಇನ್ನೊಬ್ಬರು. ಅನುಬಿಯಾಸ್ ಸಾಕಿದವರು ಹೇಳಿ: ಲೈಟ್ ಕಮ್ಮಿ ಮಾಡ್ಲಾ, ಹೀಗೇ ಬಿಡ್ಲಾ? ಜೊತೆಗೆ ಜಾವಾ ಫರ್ನ್ ಕಟ್ಟಿದ್ರೆ ಗೋಲ್ಡ್‌ಫಿಶ್ ಅದನ್ನ ಉಳಿಸ್ತವಾ?