ಬೆಂಚಿಗೊಬ್ಬ ಬ್ಲಾಂಕೊ

"ಬೆಲ್ಟ್ರಾನ್ ಕೇಳಿದ್ರೆ ಬ್ಲಾಂಕೊನ ತಂದಿದ್ದಾರೆ ನೋಡ್ರೋ!" ಅಂತ ಗೌಡ ಫೋನನ್ನು ಸೋಫಾ ಮೇಲೆ ಎಸೆದ. ಸಿಟ್ಟಿನಲ್ಲೂ ಅದು ದಿಂಬಿನ ಮೇಲೇ ಬೀಳುವಂತೆ ಎಸೆದಿದ್ದ. ಹೊಸ ಫೋನು.

2011ರ ನವೆಂಬರ್ ಅದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಗೌಡನ ಮನೆ, ಶನಿವಾರ ಸಂಜೆ. ಕಾರ್ಲೋಸ್ ಬೆಲ್ಟ್ರಾನ್ ಎಂಬ ದೊಡ್ಡ ಹೊಡೆತಗಾರನನ್ನು ಸ್ಯಾನ್ ಫ್ರಾನ್ಸಿಸ್ಕೊದ ಬೇಸ್‌ಬಾಲ್ ತಂಡ ಜೈಂಟ್ಸ್ ಉಳಿಸಿಕೊಳ್ಳುತ್ತದೆ ಅಂತ ಗೌಡ ಕಾಯುತ್ತಿದ್ದ. ಬಂದಿದ್ದು ಗ್ರೆಗರ್ ಬ್ಲಾಂಕೊ. ವೆನೆಜುವೆಲಾದವನು, ವಯಸ್ಸು 27, ಆ ವರ್ಷವೆಲ್ಲ ಮೇಜರ್ ಲೀಗ್ ಅನ್ನೋ ದೊಡ್ಡ ಲೀಗಿನ ಮೈದಾನಕ್ಕೇ ಇಳಿದಿರಲಿಲ್ಲ. ಕೊಟ್ಟಿದ್ದೂ ಮೈನರ್ ಲೀಗ್ ಒಪ್ಪಂದ. ಅಂದರೆ ಸ್ಕಾಟ್ಸ್‌ಡೇಲ್‌ನಲ್ಲಿ ಸೀಸನ್ ಮುಂಚಿನ ತಾಲೀಮಿಗೆ, ಸ್ಪ್ರಿಂಗ್ ಟ್ರೇನಿಂಗಿಗೆ ಬಾ, ಚೆನ್ನಾಗಿ ಆಡಿದರೆ ನೋಡೋಣ, ಇಲ್ಲದಿದ್ದರೆ ನಮಸ್ಕಾರ.

"ಯಾರಂತೆ ಅವನು?" ಅಂದರು ಶೆಟ್ರು. ಶೆಟ್ರಿಗೆ ಬೇಸ್‌ಬಾಲ್ ಅಂದರೆ ಸ್ಟೇಡಿಯಮ್ಮಿನ ಗಾರ್ಲಿಕ್ ಫ್ರೈಸ್. ಆಟ ಅದರ ಜೊತೆಗೆ ಪುಕ್ಕಟೆ ಸಿಗುವಂಥದ್ದು.

"ನಾಲ್ಕನೇ ಔಟ್‌ಫೀಲ್ಡರ್. ಇಲ್ಲಾಂದ್ರೆ ಐದನೇ. ಅಂದ್ರೆ ದೂರದಲ್ಲಿ ನಿಂತು ಚೆಂಡು ಹಿಡಿಯೋರಿಗೆ ಬದಲಿ," ಅಂದರು ಭಟ್ರು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. ನಮ್ಮ ಗುಂಪಿನಲ್ಲಿ ಅಂಕಿಸಂಖ್ಯೆ ಇಲಾಖೆ ಭಟ್ರದ್ದು. "2008ರಲ್ಲಿ ಅಟ್ಲಾಂಟಾ ತಂಡಕ್ಕೆ 144 ಆಟ ಆಡಿದ್ದಾನೆ. ಹೋಮ್ ರನ್, ಅಂದ್ರೆ ಇಲ್ಲಿಯ ಸಿಕ್ಸರು, ಒಂದು."

"ಒಂದು?"

"ಒಂದೇ."

ಗೌಡ ಮೇಲೆ ನೋಡಿದ. ದೇವರನ್ನೋ ಫ್ಯಾನನ್ನೋ ಗೊತ್ತಾಗಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಗೌಡನ ಅಪ್ಪ ಕೋಡುಬಳೆ ಮುರಿಯುತ್ತಾ ಕೂತಿದ್ದರು. ಮಂಡ್ಯದವರು, ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ನಮಗೆಲ್ಲ ಅಪ್ಪಾಜಿಯೇ. ಬಂದ ಹೊಸತರಲ್ಲಿ ಬೇಸ್‌ಬಾಲಿನ ಫೈನಲ್ ಸರಣಿ ವರ್ಲ್ಡ್ ಸೀರೀಸ್ ನೋಡಿ, "ಇದೇನ್ರೋ, ಚೆಂಡು ಹಿಂದಕ್ಕೆ ಹೋದ್ರೆ ಫೌಲು ಅಂತಾರೆ, ನಮ್ಮಲ್ಲಿ ಅದಕ್ಕೇ ನಾಲ್ಕು ಕೊಡ್ತಾರೆ" ಅಂತ ಬೇಜಾರು ಮಾಡಿಕೊಂಡಿದ್ದರು. ಈಗ ಸ್ವಲ್ಪ ಪಳಗಿದ್ದರು.

"ಹೊಡೆಯೋಕೆ ಬಾರದವನನ್ನ ಯಾಕೆ ತಗೊಂಡ್ರು?" ಅಂದರು ಅಪ್ಪಾಜಿ.

"ಅದನ್ನೇ ನಾನೂ ಕೇಳ್ತಿರೋದು!" ಗೌಡನಿಗೆ ಬಲ ಬಂತು. "ಈ ವರ್ಷ ನಮ್ಮೋರು ಎಷ್ಟು ರನ್ ಮಾಡಿದ್ದಾರೆ ಹೇಳಿ ಭಟ್ರೇ."

"162 ಆಟದಲ್ಲಿ 570. ನ್ಯಾಷನಲ್ ಲೀಗ್‌ನಲ್ಲೇ ಎಲ್ಲರಿಗಿಂತ ಕಡಿಮೆ."

"ಅಷ್ಟನ್ನ ನಮ್ಮೋರು ಟೆಸ್ಟಿನ ಒಂದೇ ಇನ್ನಿಂಗ್ಸಿನಲ್ಲಿ ಹೊಡೀತಾರಲ್ಲೋ," ಅಂದರು ಅಪ್ಪಾಜಿ. ಯಾರೂ ಉತ್ತರ ಕೊಡಲಿಲ್ಲ. ಕೊಡೋಕೆ ಏನೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಗೌಡನ ಗೋಳಿಗೆ ಕಾರಣ ಇತ್ತು. ಹಿಂದಿನ ವರ್ಷ, 2010ರಲ್ಲಿ, ಜೈಂಟ್ಸ್ ಚಾಂಪಿಯನ್. 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಮೇಲೆ ಮೊದಲ ಸಲ. ಮರು ವರ್ಷ ಮೇ ತಿಂಗಳಲ್ಲಿ ಕ್ಯಾಚರ್ ಬಸ್ಟರ್ ಪೋಸಿಯ ಕಾಲು ಮುರಿಯಿತು, ಅಲ್ಲಿಗೆ ಬ್ಯಾಟಿಂಗ್ ಕಥೆಯೂ ಮುಗಿಯಿತು. ಹೀಗಿರುವಾಗ ಅಂಗಡಿಗೆ ಹೋಗಿ ಬ್ಲಾಂಕೊನನ್ನು ಹಿಡಿದುಕೊಂಡು ಬಂದರೆ ಯಾರಿಗೆ ತಾನೇ ಉರಿಯಲ್ಲ?

"ದುಡ್ಡಿಲ್ವಂತಾ ಅವರ ಹತ್ರ?" ಶೆಟ್ರು ಕೇಳಿದರು.

"ಇತ್ತು ಶೆಟ್ರೇ, ಇತ್ತು. ಆರನ್ ರೋವಾಂಡ್‌ಗೆ ಕೊಟ್ಟಾಯ್ತು," ಅಂದರು ಭಟ್ರು. "ಐದು ವರ್ಷಕ್ಕೆ 6 ಕೋಟಿ ಡಾಲರ್. ಅವನೂ ಔಟ್‌ಫೀಲ್ಡರ್ರೇ. ಮೊನ್ನೆ ಸೀಸನ್ ಮುಗಿಯೋ ಮುಂಚೆನೇ ಕೈಬಿಟ್ರು. ಆದರೆ ಒಪ್ಪಂದ ಇನ್ನೂ ಒಂದು ವರ್ಷ ಉಂಟು. ಸಂಬಳ ಹೋಗ್ತಾ ಇರತ್ತೆ."

"ಅಂದ್ರೆ ಮನೇಲಿ ಕೂತು ಸಂಬಳವಾ?" ಶೆಟ್ರ ಮುಖದಲ್ಲಿ ಅಂದು ಕಂಡ ಭಕ್ತಿಯನ್ನು ನಾನು ಧರ್ಮಸ್ಥಳದಲ್ಲೂ ಕಂಡಿಲ್ಲ. "ಎಂಥ ಪುಣ್ಯವಂತ ಮಾರಾಯ್ರೇ!"

"ಹಾಗೆ ನೋಡಿದ್ರೆ ಬ್ಲಾಂಕೊ ಸೋವಿ. ತಂಡಕ್ಕೆ ಸೇರಿದರೂ ಮಿನಿಮಮ್ ಸಂಬಳ. ಮುಂದಿನ ವರ್ಷಕ್ಕೆ ಅದು 4,80,000 ಡಾಲರ್."

ಅಡುಗೆಮನೆಯಿಂದ ಗೌಡನ ಹೆಂಡತಿಯ ದನಿ ಬಂತು. "ನಾಲ್ಕೂ ಮುಕ್ಕಾಲು ಲಕ್ಷ ಡಾಲರು ಮಿನಿಮಮ್ಮಾ? ರೀ, ನೀವು ಚಿಕ್ಕಂದಿನಲ್ಲಿ ಚೆಂಡು ಹಿಡಿಯೋದು ಕಲೀಬಾರದಿತ್ತಾ?"

ಅತ್ತಿಗೆ ನಮ್ಮ ಪಾರ್ಟಿ ಅಲ್ಲ. ಅವರು ಆಗ ಓಕ್ಲೆಂಡ್‌ನಲ್ಲಿದ್ದ ಏಸ್ ತಂಡದ ಅಭಿಮಾನಿ. ಫ್ರೀಮಾಂಟ್‌ನಲ್ಲಿ ಬಾರ್ಟ್ ರೈಲು ಹತ್ತಿದರೆ ನೇರ ಆ ತಂಡದ ಸ್ಟೇಡಿಯಂ ಕೊಲಿಸಿಯಂ, ಟಿಕೆಟ್ಟೂ ಅಗ್ಗ, ಸೀಟುಗಳು ಖಾಲಿ, ಮಕ್ಕಳು ಓಡಾಡಿಕೊಂಡಿರಬಹುದು ಅನ್ನೋದು ಅವರ ಲೆಕ್ಕವಾಗಿತ್ತು. ಏಸ್ ತಂಡ ಒಮ್ಮೆ ಫ್ರೀಮಾಂಟ್‌ಗೇ ಬಂದು ಸ್ಟೇಡಿಯಂ ಕಟ್ಟುತ್ತೇವೆ ಅಂದಿತ್ತು, ಆಮೇಲೆ 2009ರಲ್ಲಿ ಕೈಬಿಟ್ಟಿತು. ಆ ನೋವು ಅತ್ತಿಗೆಗೆ ಇನ್ನೂ ಇತ್ತು. ಮನೆ ಬೆಲೆ ಏರುತ್ತಿತ್ತಂತೆ.

ಭಟ್ರು ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದರು. "ಸುಮ್ನೆ ಹೋಮ್ ರನ್ ಎಣಿಸ್ತಾ ಕೂರಬೇಡಿ. ಇವನ ಆನ್-ಬೇಸ್ ನೋಡಿ. ಅದೇ 2008ರಲ್ಲಿ .366. ನೂರು ಸಲ ಬ್ಯಾಟ್ ಹಿಡಿದರೆ ಹೆಚ್ಚುಕಮ್ಮಿ 37 ಸಲ ಔಟಾಗದೆ ಬೇಸಿಗೆ ಹೋಗ್ತಾನೆ."

"ಹೊಡೆಯದೆ ಹೆಂಗೆ ಹೋಗ್ತಾನೆ?" ಅಂದರು ಅಪ್ಪಾಜಿ.

"ನಿಂತ್ಕೊಂಡು, ಅಪ್ಪಾಜಿ. ಕೆಟ್ಟ ಚೆಂಡನ್ನ ಮುಟ್ಟಲ್ಲ. ನಾಲ್ಕು ಕೆಟ್ಟ ಚೆಂಡು ಬಂದ್ರೆ ನಡ್ಕೊಂಡು ಹೋಗಬಹುದು."

"ಹಂಗಾದ್ರೆ ತಾಳ್ಮೆ ಇರೋ ಹುಡುಗ," ಅಂದರು ಅಪ್ಪಾಜಿ. ಬ್ಲಾಂಕೊ ಬಗ್ಗೆ ಆ ಮನೆಯಲ್ಲಿ ಬಂದ ಮೊದಲ ಒಳ್ಳೆ ಮಾತು.

ಆಮೇಲೆ ಭಟ್ರು ಮೈದಾನದ ವಿಷಯಕ್ಕೆ ಬಂದರು. ಇದನ್ನು ಅವರು ಯಾರು ಸಿಕ್ಕರೂ ಹೇಳುತ್ತಾರೆ, ಆದರೂ ಕೇಳಲು ಚೆನ್ನಾಗಿರುತ್ತದೆ. ಕೋಡುಬಳೆ ತಟ್ಟೆಯನ್ನೇ ಮೈದಾನ ಮಾಡಿದರು. ಬಲಗಡೆ ಗೆರೆಯ ತುದಿಯಲ್ಲಿ ಗೋಡೆ ಬರೀ 309 ಅಡಿ ದೂರ, ಆದರೆ ಎತ್ತರ 24 ಅಡಿ. ಜೈಂಟ್ಸ್‌ನ ಹಳೇ ಹೀರೊ ವಿಲ್ಲಿ ಮೇಸ್ ಹಾಕುತ್ತಿದ್ದ ಅಂಗಿಯ ನಂಬರಿಗೆ ಗೌರವ. ಗೋಡೆ ಆಚೆ ಸಮುದ್ರದ ನೀರು. ಅಲ್ಲಿಂದ ಒಳಕ್ಕೆ ಬಂದರೆ ಮೂಲೆ ಹಿಗ್ಗಿಕೊಂಡು ಆಗ 421 ಅಡಿವರೆಗೆ ಹೋಗುತ್ತಿತ್ತು. ಅಲ್ಲಿ ಚೆಂಡು ಬಿದ್ದರೆ ಬ್ಯಾಟ್ಸ್‌ಮನ್ ಮೂರು ಬೇಸ್ ಓಡುತ್ತಾನೆ. ಹಾಗಾಗಿ ಅದಕ್ಕೆ ಟ್ರಿಪಲ್ಸ್ ಆಲಿ ಅಂತಲೇ ಹೆಸರು.

"ಇಷ್ಟೂ ಜಾಗ ಕಾಯೋದು ಮೂರೇ ಜನ," ಅಂತ ಭಟ್ರು ತಟ್ಟೆಯ ಅಂಚಿನಲ್ಲಿ ಮೂರು ಚೂರು ಇಟ್ಟರು. "ಹೊಡೆಯೋನು ಓಡಲ್ಲ, ಓಡೋನು ಹೊಡೆಯಲ್ಲ. ನಮ್ಮ ಮೈದಾನಕ್ಕೆ ಓಡೋನೇ ಬೇಕು."

ಶೆಟ್ರು ಬಲಗಡೆಯ ಔಟ್‌ಫೀಲ್ಡರ್‌ನನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

"ನೋಡಿ! ಇದಕ್ಕೇ ನಾಲ್ಕನೆಯವನು ಬೇಕು ಅನ್ನೋದು!" ಭಟ್ರು ಕೂಗಿದರು.

"ಸ್ಟೆಪ್ನಿ," ಅಂದರು ಅಪ್ಪಾಜಿ. "ಡಿಪೋದಲ್ಲಿ ನಾವು ಸ್ಟೆಪ್ನಿ ಇಲ್ಲದ ಬಸ್ಸನ್ನ ಗೇಟ್ ದಾಟಿಸ್ತಿರಲಿಲ್ಲ. ಅದು ಹೊಸಾದಾ ಹಳೇದಾ ಅಂತ ಯಾವ ಪ್ಯಾಸೆಂಜರ್ರೂ ಕೇಳ್ತಿರಲಿಲ್ಲ. ಮದ್ದೂರ್ ಹತ್ರ ನಡುರಾತ್ರಿ ಪಂಕ್ಚರ್ ಆದಾಗ ಮಾತ್ರ ಎಲ್ಲರೂ ಇಳಿದು ಬಂದು ನೋಡೋರು."

ಅಂದಿನಿಂದ ನಮ್ಮ ಗುಂಪಿನಲ್ಲಿ ಬ್ಲಾಂಕೊಗೆ ಸ್ಟೆಪ್ನಿ ಅಂತಲೇ ಹೆಸರು.

ಗೌಡ ಸುಮ್ಮನಾಗಲಿಲ್ಲ. ನಾನು ಕೋಡಿ ರಾಸ್ ಕಥೆ ತೆಗೆದೆ. 2010ರ ಆಗಸ್ಟ್‌ನಲ್ಲಿ ಫ್ಲಾರಿಡಾ ತಂಡ ಬೇಡ ಅಂದವನನ್ನು ಜೈಂಟ್ಸ್ ಎತ್ತಿಕೊಂಡಿತ್ತು. ಪೈಪೋಟಿಯಲ್ಲಿದ್ದ ಪಾಡ್ರೆಸ್‌ಗೆ ಸಿಗದಿರಲಿ ಅಂತ ಅಡ್ಡಗಾಲು ಹಾಕಿದ್ದು ಅಷ್ಟೇ ಅಂತ ಎಲ್ಲರೂ ಅಂದಿದ್ದರು. ಅಕ್ಟೋಬರ್‌ನಲ್ಲಿ ಅದೇ ರಾಸ್, ಹಿಂದಿನ ಪಂದ್ಯದಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಬಂದಿದ್ದ ಪಿಚರ್ ರಾಯ್ ಹ್ಯಾಲಡೇಗೆ ಎರಡು ಹೋಮ್ ರನ್ ಬಾರಿಸಿದ. ಆ ಸರಣಿಯ ಎಂವಿಪಿಯೂ, ಅಂದರೆ ಸರಣಿ ಶ್ರೇಷ್ಠನೂ ಆದ.

"ಅವನನ್ನ ನಾನು ಆಗಲೇ ಗುರುತಿಸಿದ್ದೆ," ಅಂದ ಗೌಡ.

"ನೀನು ಆಗ 'ಯಾರಿವನು, ಇವನಿಗೊಂದು ತಲೆ' ಅಂದಿದ್ದೆ ಕಣೋ."

"ಗುರುತಿಸಿದ್ದಕ್ಕೇ ಅಂದಿದ್ದು."

ಇಂಥ ವಾದಕ್ಕೆ ಉತ್ತರ ಇಲ್ಲ. ಊಟಕ್ಕೆ ಎದ್ದೆವು.

ಬ್ಲಾಂಕೊ ಸ್ಕಾಟ್ಸ್‌ಡೇಲ್‌ನಲ್ಲಿ ಚೆನ್ನಾಗಿ ಆಡಿ ತಂಡಕ್ಕೆ ಸೇರಿಯೇಬಿಟ್ಟ. ಗೌಡ ಆಗಲೂ ಒಪ್ಪಲಿಲ್ಲ. ಒಪ್ಪಿದ್ದು 2012ರ ಜೂನ್ 13ರಂದು.

ಅವತ್ತು ಮ್ಯಾಟ್ ಕೇನ್ ಹ್ಯೂಸ್ಟನ್ ಮೇಲೆ ಪರ್ಫೆಕ್ಟ್ ಗೇಮ್ ಎಸೆದ. 27 ಜನ ಬಂದರು, 27 ಜನರೂ ಬೇಸ್ ಮುಟ್ಟದೆ ವಾಪಸ್. ಜೈಂಟ್ಸ್ ಚರಿತ್ರೆಯಲ್ಲೇ ಮೊದಲು. ಏಳನೇ ಇನ್ನಿಂಗ್ಸಿನ ಮೊದಲ ಬ್ಯಾಟರ್ ಜೋರ್ಡನ್ ಶೇಫರ್ ಬಲ ಮಧ್ಯಕ್ಕೆ ಎತ್ತಿ ಹೊಡೆದ. ನೇರ ಆ ಟ್ರಿಪಲ್ಸ್ ಆಲಿ ಕಡೆಗೆ. ಹೋಯ್ತು ಅಂತ ಕಾಮೆಂಟರಿಯವನ ದನಿ ಏರಿತು. ಪರದೆಯಲ್ಲಿ ಮೊದಲು ಬರೀ ಹುಲ್ಲು ಕಂಡಿತು. ಆಮೇಲೆ ಎಲ್ಲಿಂದಲೋ ಓಡಿಬಂದ ಬ್ಲಾಂಕೊ ಮೈಚೆಲ್ಲಿ ಹಾರಿದ. ಗೋಡೆ ಮುಂದಿನ ಮಣ್ಣಿನ ಪಟ್ಟಿ ಮೇಲೆ ಎದೆ ಉಜ್ಜಿಕೊಂಡು ಜಾರಿ, ಗ್ಲವ್ ಎತ್ತಿ ತೋರಿಸಿದ. ಒಳಗೆ ಚೆಂಡಿತ್ತು. ಅದೇ ಆಟದಲ್ಲಿ ಹೋಮ್ ರನ್ನನ್ನೂ ಹೊಡೆದಿದ್ದ, ಆದರೆ ಅದು ಯಾರಿಗೆ ನೆನಪಿದೆ?

ಗೌಡ ಸ್ಕೈಪ್ ಮಾಡಿದ. ಮಂಡ್ಯದಲ್ಲಿ ಬೆಳಗಿನ ಒಂಬತ್ತೂವರೆ. "ಅಪ್ಪಾಜಿ, ಸ್ಟೆಪ್ನಿ ಹಿಡಿದ!" ಅಪ್ಪಾಜಿ ಗಾಬರಿಯಾಗಿ, "ಯಾರ ಗಾಡಿಗೆ ಏನಾಯ್ತೋ?" ಅಂದರು.

ಶೆಟ್ರು ಆ ಆಟಕ್ಕೆ ಟಿಕೆಟ್ ತಗೊಂಡು ಹೋಗಿದ್ದರು. ಆರನೇ ಇನ್ನಿಂಗ್ಸ್ ಮುಗಿದ ಮೇಲೆ ಎದ್ದು ಬಂದಿದ್ದರು. "10-0 ಇತ್ತಲ್ಲ ಮಾರಾಯ್ರೇ, ಇನ್ನೆಂತ ಉಂಟು ನೋಡ್ಲಿಕ್ಕೆ? ಕ್ಯಾಲ್‌ಟ್ರೇನ್ ರಶ್ ಆಗ್ತದೆ." ಸ್ಟೇಷನ್ ಹತ್ತಿರ ಬರುವಾಗ ಹಿಂದಿನಿಂದ ದೊಡ್ಡ ಗದ್ದಲ ಕೇಳಿಸಿತಂತೆ. ಇಂಥ ಮನುಷ್ಯನನ್ನು ಬೈಯಲೂ ಆಗುವುದಿಲ್ಲ. ಫ್ರೈಸ್ ಮಾತ್ರ ಕಟ್ಟಿಸಿಕೊಂಡು ಬಂದಿದ್ದರು.

ಆಗಸ್ಟ್‌ನಲ್ಲಿ ಪಂಕ್ಚರ್ರೇ ಆಯಿತು. ಎಡಗಡೆಯ ಮೆಲ್ಕಿ ಕಬ್ರೇರಾ .346 ಹೊಡೆಯುತ್ತಿದ್ದ, ಆಲ್-ಸ್ಟಾರ್ ಆಟದ ಎಂವಿಪಿ. ಟೆಸ್ಟೋಸ್ಟಿರಾನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ, 50 ಆಟ ಹೊರಗೆ. ಅದಕ್ಕಿಂತ ದೊಡ್ಡ ಸುದ್ದಿ ಆಮೇಲೆ ಬಂತು. ಅವನ ಕಡೆಯವನೊಬ್ಬ 10,000 ಡಾಲರ್ ಕೊಟ್ಟು ಸುಳ್ಳು ವೆಬ್‌ಸೈಟ್ ಮಾಡಿಸಿದ್ದನಂತೆ. ಅಲ್ಲಿ ಮಾರುವ ಯಾವುದೋ ಕ್ರೀಮನ್ನು ಗೊತ್ತಿಲ್ಲದೆ ಹಚ್ಚಿಕೊಂಡೆ ಅಂತ ಹೇಳಿಸುವ ಪ್ಲಾನು. ನಮ್ಮ ಗುಂಪಿನಲ್ಲಿ ಎಲ್ಲರೂ ಸಾಫ್ಟ್‌ವೇರ್. ಡೋಪಿಂಗ್ ಬಗ್ಗೆ ಯಾರಿಗೂ ಮಾತಿಲ್ಲ, ವೆಬ್‌ಸೈಟ್ ರೇಟಿನ ಬಗ್ಗೆ ರಾತ್ರಿಯಿಡೀ ಚರ್ಚೆ.

"ಹತ್ತು ಸಾವಿರ ಜಾಸ್ತಿ ಆಯ್ತು. ನಾನಾಗಿದ್ರೆ ಎರಡಕ್ಕೆ ಮಾಡಿಕೊಡ್ತಿದ್ದೆ," ಅಂದ ಗೌಡ.

"ಅದಕ್ಕೇ ನಿಂಗೆ ಕೊಟ್ಟಿಲ್ಲ," ಅಂದರು ಭಟ್ರು. "ನಿನ್ನ ಸೈಟ್ ಇನ್ನೂ ಟೆಸ್ಟಿಂಗಲ್ಲೇ ಇರ್ತಿತ್ತು."

ಮೆಲ್ಕಿ ಜಾಗಕ್ಕೆ ಬ್ಲಾಂಕೊ. ಅಕ್ಟೋಬರ್‌ನಲ್ಲಿ ಸಿನ್ಸಿನಾಟಿ ಮೇಲೆ ಹೋಮ್ ರನ್, ವರ್ಲ್ಡ್ ಸೀರೀಸಿನ ಮೊದಲ ಆಟದಲ್ಲಿ ಹಾರಿ ಹಿಡಿದ ಎರಡು ಕ್ಯಾಚು. ಡೆಟ್ರಾಯ್ಟ್ 4-0 ಸೋತಿತು. ಬೆಲ್ಟ್ರಾನ್ ಸೇಂಟ್ ಲೂಯಿಸ್ ಸೇರಿದ್ದ. ಅವನ ತಂಡವನ್ನು ದಾಟಿಕೊಂಡೇ ನಾವು ವರ್ಲ್ಡ್ ಸೀರೀಸಿಗೆ ಹೋಗಿದ್ದು. ಇದನ್ನು ಗೌಡನ ಮುಂದೆ ಹೇಳುವಾಗ ಭಟ್ರು ಒಂದು ಗುಟುಕು ಕಾಫಿ ಜಾಸ್ತಿಯೇ ಕುಡಿಯುತ್ತಿದ್ದರು.

2014ರ ಕಥೆ ಬೇರೆ. ಆಗ ಔಟ್‌ಫೀಲ್ಡೇ ಸ್ಟೆಪ್ನಿಗಳ ಮೇಲೆ ಓಡುತ್ತಿತ್ತು. ಮಧ್ಯದ ಆಂಗೆಲ್ ಪಗಾನ್‌ಗೆ ಬೆನ್ನಿನ ಆಪರೇಷನ್, ಅಲ್ಲಿಗೆ ಬ್ಲಾಂಕೊ. ಎಡಗಡೆ ಕೆಲವು ಆಟಕ್ಕೆ ಟ್ರಾವಿಸ್ ಇಶಿಕಾವಾ. ಅವನು ಅಸಲಿಗೆ ಫಸ್ಟ್ ಬೇಸ್‌ನವನು. ಸೇಂಟ್ ಲೂಯಿಸ್ ಮೇಲಿನ ಐದನೇ ಆಟದಲ್ಲಿ ಚೆಂಡಿನ ಅಂದಾಜು ತಪ್ಪಿ ರನ್ ಬಿಟ್ಟುಕೊಟ್ಟ, ಅದೇ ಆಟದ ಕೊನೆಗೆ ಹೋಮ್ ರನ್ ಹೊಡೆದು ತಂಡವನ್ನು ವರ್ಲ್ಡ್ ಸೀರೀಸಿಗೆ ಕರೆದೊಯ್ದ. ಅಲ್ಲಿ ಕೊನೆಯ, ಏಳನೇ ಆಟದಲ್ಲಿ ಎಡಗಡೆ ಹುವಾನ್ ಪೆರೆಸ್. ಬ್ಯಾಟಿಂಗ್ ಸರಾಸರಿ .170.

ಅಕ್ಟೋಬರ್ 29, ಕಾನ್ಸಾಸ್ ಸಿಟಿ. ಜೈಂಟ್ಸ್ 3-2 ಮುಂದೆ, ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್. ಬಮ್‌ಗಾರ್ನರ್ ಎಸೆದ, ಕಾನ್ಸಾಸ್ ಸಿಟಿಯ ಅಲೆಕ್ಸ್ ಗಾರ್ಡನ್ ಎಡ ಮಧ್ಯಕ್ಕೆ ಬಾರಿಸಿದ. ಬ್ಲಾಂಕೊ ಮುಂದೆ ನುಗ್ಗಿದ, ಚೆಂಡು ಪುಟಿದು ಪಕ್ಕದಿಂದ ಗೋಡೆಗೆ ಹೋಯಿತು. ಹಿಂದೆ ಓಡಿದ ಪೆರೆಸ್ ಅದನ್ನು ಹಿಡಿಯಲು ಹೋಗಿ ಜಾರಿಸಿದ. ಗಾರ್ಡನ್ ಮೂರನೇ ಬೇಸಿಗೆ ಬಂದ. ಕೋಚ್ ಎರಡೂ ಕೈ ಎತ್ತಿ ನಿಲ್ಲಿಸಿದ. ಮುಂದಿನ ಬ್ಯಾಟರ್ ಎತ್ತಿ ಕೊಟ್ಟ ಕ್ಯಾಚನ್ನು ನಮ್ಮ ಸ್ಯಾಂಡೋವಾಲ್ ಹಿಡಿದ. ಮೂರನೇ ಕಪ್ಪು.

ಕುಣಿದಿದ್ದು ಐದು ನಿಮಿಷ. ಆಮೇಲೆ ಶುರುವಾಯಿತು. ಗಾರ್ಡನ್ ಓಡಿದ್ದರೆ ಹೋಮ್ ಮುಟ್ಟುತ್ತಿದ್ದನಾ? ಮುಟ್ಟುತ್ತಿದ್ದ ಅಂತ ಗೌಡ. ನಡುವೆ ನಿಂತಿದ್ದ ನಮ್ಮ ಕ್ರಾಫರ್ಡ್ ಕೈಗೆ ಆಗಲೇ ಚೆಂಡು ಬಂದಿತ್ತು, ಸತ್ತೇ ಹೋಗುತ್ತಿದ್ದ ಅಂತ ಭಟ್ರು. ಎರಡನೇ ಸಲ ವೀಸಾ ಮಾಡಿಸಿ ಬಂದಿದ್ದ ಅಪ್ಪಾಜಿ, "ಟಿವಿ ಮುಂದೆ ಕೂತು ಏನು ಗೊತ್ತಾಗತ್ತೆ, ಓಡಿ ನೋಡ್ರೋ" ಅಂದರು.

ಭಾನುವಾರ ಫ್ರೀಮಾಂಟ್‌ನ ಸೆಂಟ್ರಲ್ ಪಾರ್ಕಿಗೆ ಟೆನ್ನಿಸ್ ಬಾಲ್ ತಗೊಂಡು ಹೋದೆವು. ಗೌಡ ಬ್ಲಾಂಕೊ, ನಾನು ಪೆರೆಸ್, ಭಟ್ರು ಕ್ರಾಫರ್ಡೂ ಹೌದು, ಕ್ಯಾಚರ್ರೂ ಹೌದು. ಅಪ್ಪಾಜಿ ಅಂಪೈರ್. ಚೀಟಿ ಎತ್ತಿದಾಗ ಗಾರ್ಡನ್ ಪಾತ್ರ ಶೆಟ್ರಿಗೆ ಬಂತು. ಬೇಸಿಂದ ಬೇಸಿಗೆ 90 ಅಡಿ. ಶೆಟ್ರು ಮೊದಲ 90 ಚೆನ್ನಾಗಿ ಓಡಿದರು. ಎರಡನೆಯದರ ಮಧ್ಯೆ ತೊಡೆ ಹಿಡಿದುಕೊಂಡು ಕೂತುಬಿಟ್ಟರು.

"ಬದಲಿ ಯಾರಿದ್ದಾರ್ರೋ?" ಅಪ್ಪಾಜಿ ಕೂಗಿದರು.

ಬೆಂಚಿನ ಮೇಲೆ ಓಕ್ಲೆಂಡ್ ಟೋಪಿ ಹಾಕಿಕೊಂಡು ಕೂತಿದ್ದ ಅತ್ತಿಗೆ ಎದ್ದರು. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡರು. ಶೆಟ್ರು ಕೂತಿದ್ದ ಜಾಗದಿಂದಲೇ ಓಟ ಶುರು ಮಾಡಿದರು. ಎರಡು ದಾಟಿ, ಮೂರು ದಾಟಿ, ಯಾರ ಕೈಸನ್ನೆಯನ್ನೂ ನೋಡದೆ ಹೋಮ್ ಮುಟ್ಟಿದರು. ಚೆಂಡು ಆಮೇಲೆ ಬಂತು.

"ನೋಡಿದ್ರಾ!" ಗೌಡ ದೂರದಿಂದ ಕುಣಿದ. "ಮುಟ್ಟುತ್ತಿದ್ದ!"

"ಇದು ಲೆಕ್ಕಕ್ಕಿಲ್ಲ," ಅಂದರು ಭಟ್ರು. "ಅವರು ಅರ್ಧ ದಾರಿ ಮಾತ್ರ ಓಡಿದ್ದು. ಅಲ್ಲದೆ ಅತ್ತಿಗೆ, ಒಂದು ಮಾತು ಹೇಳಿ. ವೈಲ್ಡ್ ಕಾರ್ಡ್ ಆಟದಲ್ಲಿ ನಿಮ್ಮ ಓಕ್ಲೆಂಡನ್ನು ಮನೆಗೆ ಕಳಿಸಿದ್ದೇ ಈ ಕಾನ್ಸಾಸ್ ಸಿಟಿ. ನೀವು ಯಾರ ಕಡೆಗೆ ಓಡಿದ್ದು?"

ಅತ್ತಿಗೆ ಉಸಿರು ತಗೊಂಡರು. "ಯಾರ ಕಡೆಗೂ ಅಲ್ಲ. ಬೇಗ ಮುಗೀಲಿ ಅಂತ. ಅಕ್ಕಿ ನೆನೆಹಾಕಿ ಬಂದಿದ್ದೀನಿ."