ಬಾದಾಮಿಯ ಮ್ಯೂಸಿಯಂ ನೋಡಲೇಬೇಕಾ?

ಪ್ರಶ್ನೆ: ಅಪ್ಪ-ಅಮ್ಮನ ಜೊತೆ ಬಾದಾಮಿಗೆ ಹೊರಟಿದ್ದೇವೆ. ಗುಹೆಗಳನ್ನಂತೂ ನೋಡುತ್ತೇವೆ. ಅಗಸ್ತ್ಯತೀರ್ಥ ಕೆರೆಯ ಹತ್ತಿರದ ಮ್ಯೂಸಿಯಂಗೂ ಸಮಯ ಇಟ್ಟುಕೊಳ್ಳಬೇಕಾ?

ಉತ್ತರ: ಖಂಡಿತ. ನಾನು ಇದೇ ಊರಿನವಳು, ಮನೆಗೆ ಬಂದ ನೆಂಟರನ್ನೆಲ್ಲ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ನಾಗನಾಥಕೊಳ್ಳದಲ್ಲಿ ಸಿಕ್ಕ ಲಜ್ಜಾಗೌರಿಯ ಶಿಲ್ಪ ಅಲ್ಲಿದೆ. ತಲೆ ಇರಬೇಕಾದ ಜಾಗದಲ್ಲಿ ಅರಳಿದ ತಾವರೆ! ಫಲವಂತಿಕೆಯ ದೇವತೆ ಅವಳು. ಸುಮ್ನೆ ದಾಟಿ ಹೋಗಬೇಡಿ, ಹತ್ತಿರ ನಿಂತು ಮಡಚಿದ ಕಾಲು, ಮೈಮೇಲಿನ ಒಡವೆ ಎಲ್ಲ ನೋಡಿ. ಕೆತ್ತಿದ ಶಿಲ್ಪಿಯದು ಎಂಥ ಕೈ, ಅಲ್ವಾ ಅನಿಸುತ್ತದೆ. ಆದಿಮಾನವರ ಚಿತ್ರಗಳಿರುವ ಶಿಡ್ಲಫಡಿ ಗುಹೆಯ ಮಾದರಿಯೂ ಇದೆ. ನಿಜವಾದ ಶಿಡ್ಲಫಡಿಗೆ ಕಲ್ಲುಹಾದಿಯಲ್ಲಿ ಜಾಸ್ತಿ ನಡೆಯಬೇಕು, ಹಿರಿಯರಿಗೆ ಕಷ್ಟ.

ಇನ್ನೊಬ್ಬರು: ಶುಕ್ರವಾರ ರಜೆ, ನೆನಪಿರಲಿ.

ಪ್ರಶ್ನೆ ಕೇಳಿದವರು: ಒಳ್ಳೆಯದಾಯಿತು, ಶನಿವಾರ ಬರುತ್ತೇವೆ. ಅಪ್ಪ ಕನ್ನಡ ಮೇಷ್ಟ್ರು, ಅವರಿಗೆ ಇಷ್ಟವಾಗುವಂಥದ್ದು ಏನಾದರೂ?

ಉತ್ತರ: ಹಾಗಿದ್ದರೆ ಕಪ್ಪೆ ಅರಭಟ್ಟನ ಶಾಸನ ತಪ್ಪಿಸಲೇಬೇಡಿ. ಸುಮಾರು ಕ್ರಿ.ಶ. 700ರದ್ದು, ಕೆರೆ ಹತ್ತಿರದ ಬಂಡೆಯ ಮೇಲಿದೆ. ಅದರಲ್ಲಿರುವ ‘ಸಾಧುಗೆ ಸಾಧು’ ತ್ರಿಪದಿಯನ್ನು ಅವರೇ ಓದಿ ಹೇಳಲಿ.