ಮ್ಯಾಗ್ನಿಟೊಗೋರ್ಸ್ಕ್‌ನ ಐಸ್ ಹಾಕಿ ತಂಡ: ಹೊಸಬರು ಏನು ಗಮನಿಸಬೇಕು?

ಪಿಜೆ_ಬಡಾವಣೆ (ದಾವಣಗೆರೆ):
ಹತ್ತಿ ಗಿರಣಿಗಳಿಂದ ಬೆಳೆದ ಊರು ನಮ್ದು. ಹಂಗಾಗಿ ರಷ್ಯಾದ ಉಕ್ಕಿನ ಊರಿನ ಮೆಟಲುರ್ಗ್ ಕ್ಲಬ್ ಮೇಲೆ ಕುತೂಹಲ. ಆಟಗಾರರು ಒಂದು ನಿಮಿಷವೂ ಆಡದೆ ಆಚೆ ಹೋಗೋದು ಯಾಕೆ? ಇದನ್ನ ಸಿಮೆಂಟ್ ನೆಲದ ಮೇಲೆ ಆಡಬಹುದಾ?

ದುರ್ಗದ_ಬಂಡೆ:
ಕ್ಲಬ್ ಶುರುವಾಗಿದ್ದು 1955ರಲ್ಲಿ. ಬೆನ್ನಿಗೆ ನಿಂತಿರೋದು ಅಲ್ಲಿನ ಉಕ್ಕಿನ ಕಾರ್ಖಾನೆ. ಅಲ್ಲಿನ ದೊಡ್ಡ ಲೀಗ್ ಕೆಎಚ್‌ಎಲ್‌ನ ಟ್ರೋಫಿ ಗಗಾರಿನ್ ಕಪ್ ಗೆದ್ದಿದ್ದು 2014, 2016, 2024ರಲ್ಲಿ. ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ ಹೆಸರು ಮಾಡಿದ ಆಟಗಾರ ಎವ್ಗೆನಿ ಮಾಲ್ಕಿನ್ ಅದೇ ಊರಿನವರು. ಅಲ್ಲಿ ಸಂಜೆ 7 ಅಂದ್ರೆ ನಮಗೆ 7.30, ನೋಡೋಕೆ ಸಲೀಸು.

ವಿದ್ಯಾನಗರ_ಸ್ಕೇಟರ್:
ಪೂರ್ತಿ ವೇಗದ ಓಟ 40-50 ಸೆಕೆಂಡಿಗೆ ಕಾಲಿನ ಕಸುವು ತೆಗೆಯುತ್ತೆ, ಅದಕ್ಕೇ ಬದಲಾವಣೆ. ಆಟ ನಿಲ್ಲೋ ತನಕ ಕಾಯಲ್ಲ. ಹೋಗೋನು ಬೆಂಚಿನ ಹತ್ತಿರ ಬರೋ ಮುಂಚೆ ಹೊಸಬ ಇಳಿದು ಆಟಕ್ಕೆ ಕೈ ಹಾಕಿದ್ರೆ 2 ನಿಮಿಷದ ಪೆನಾಲ್ಟಿ, ಅಂದ್ರೆ ಅಷ್ಟು ಹೊತ್ತು ತಂಡ ಒಬ್ಬ ಕಮ್ಮಿ ಇಟ್ಕೊಂಡು ಆಡಬೇಕು. 20 ನಿಮಿಷದ ಮೂರು ಅವಧಿಗಳಲ್ಲಿ ಎರಡನೇದನ್ನ ಗಮನವಿಟ್ಟು ನೋಡಿ: ಬದಿ ಬದಲಾಗಿ, ರಕ್ಷಣೆಯವರಿಗೆ ಬೆಂಚು ದೂರ. ದಣಿದವರು ಸಿಕ್ಕಿಹಾಕಿಕೊಂಡು ಗೋಲು ಬಿಡೋದು ಅಲ್ಲೇ ಹೆಚ್ಚು.

ಸಿಮೆಂಟ್ ಮೇಲೆ ಐಸ್ ಹಾಕಿಯ ಪಕ್ ಬೇಡ. ಸುಮಾರು 170 ಗ್ರಾಂನ ಆ ರಬ್ಬರ್ ಬಿಲ್ಲೆ ಒರಟು ನೆಲಕ್ಕೆ ತಡೆದು, ಅಂಚಿನ ಮೇಲೆ ಎದ್ದು ಉರುಳುತ್ತೆ. (ಮಂಜಿನ ಮೇಲೂ ಪುಟಿಯಬಾರದು ಅಂತ ಪಂದ್ಯಕ್ಕೆ ಮುಂಚೆ ಫ್ರೀಜರಲ್ಲಿ ಇಡ್ತಾರೆ.) ಸ್ಟ್ರೀಟ್ ಹಾಕಿಯ ಪ್ಲಾಸ್ಟಿಕ್ ಚೆಂಡು ಬಳಸಿ. ಇನ್‌ಲೈನ್ ಸ್ಕೇಟಿಗೆ 82ಎ-84ಎ ಗಡಸಿನ ಗಾಲಿ ಹಾಕಿ, ಮೆತ್ತನೆಯವು ಬೇಗ ಸವೆಯುತ್ವೆ. ಹೆಲ್ಮೆಟ್, ಮೊಣಕಾಲು ಪ್ಯಾಡ್ ಇಲ್ಲದೆ ಇಳಿಯಲೇಬೇಡಿ.

ಪಿಜೆ_ಬಡಾವಣೆ:
ನೆಲದಲ್ಲಿ ಬಿರುಕಿದ್ರೆ?

ವಿದ್ಯಾನಗರ_ಸ್ಕೇಟರ್:
ಗಾಲಿ ಸಿಕ್ಕೊಳ್ಳುತ್ತೆ. ತುಂಬಿಸಿ ಮಟ್ಟ ಮಾಡಿ, ಮರಳು ಪೂರ್ತಿ ಗುಡಿಸಿ, ಆಮೇಲೆ ಆಡಿ.